ಬ್ಯಾಕ್ಟೀರಿಯಾದ ಬಳಿ ಯಾವುದು?

"ಎಂತ ಹುಳ ಅಂತ ಗೊತ್ತಾಯ್ತಾ ಅಕ್ಕಾ?"

1994ರ ಆಟಿ ತಿಂಗಳು. ನಮ್ಮ ಲ್ಯಾಬಿನ ಕಿಟಕಿಯ ಹೊರಗೆ ನಿಂತು ಹೀಗೆ ಕೇಳಿದ ಹೆಂಗಸಿನ ಸೆರಗಿನಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಗಂಡ ವಾರ್ಡಿನಲ್ಲಿದ್ದರು. ಐವತ್ತರ ಆಸುಪಾಸಿನ ಬೇಸಾಯಗಾರ, ಸಕ್ಕರೆ ಕಾಯಿಲೆ ಬೇರೆ. ನಾಟಿ ಮುಗಿದ ವಾರಕ್ಕೆ ಜ್ವರ ಹಿಡಿದಿತ್ತು. ಕೆಮ್ಮು, ತೊಡೆಯಲ್ಲೊಂದು ಕೀವುಗಟ್ಟಿದ ಗಡ್ಡೆ. ಟೈಫಾಯ್ಡ್ ಅಲ್ಲ, ಮಲೇರಿಯಾ ಅಲ್ಲ. ರಕ್ತದ ಕಲ್ಚರ್ ಹಚ್ಚಿದ್ದೆವು. ಮೂರನೇ ದಿನ ಏನೋ ಬೆಳೆದಿತ್ತು.

"ಸ್ಯೂಡೊಮೊನಾಸ್" ಎಂದೆ. ಆ ಹೆಸರು ಅವರಿಗೆ ಬೇಕಾಗಿರಲಿಲ್ಲ. "ಅದಕ್ಕೆ ಮದ್ದು ಉಂಟಲ್ಲ?" ಎಂದರು. ಉಂಟು ಎಂದೆ. ಆತ ಹತ್ತನೇ ದಿನ ತೀರಿಕೊಂಡರು.

ಮೂವತ್ತಕ್ಕೂ ಹೆಚ್ಚು ವರ್ಷ ಕರಾವಳಿಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದವಳು ನಾನು. ಬ್ಯಾಕ್ಟೀರಿಯಾಗಳಿಗೆ ಹೆಸರು ಹಚ್ಚುವುದೇ ನನ್ನ ಕಸುಬು. ಆ ದಿನ ನಾನು ಬರೆದ ಹೆಸರು ತಪ್ಪಾಗಿತ್ತು ಎಂದು ತಿಳಿಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಅದೇ ಬ್ಯಾಕ್ಟೀರಿಯಾಕ್ಕೆ ಸರಿಯಾದ ಮನೆ ಸಿಗಲು ವಿಜ್ಞಾನಕ್ಕೆ ಎಂಬತ್ತು ವರ್ಷ ಬೇಕಾಗಿತ್ತು ಎಂಬುದು ಆಮೇಲೆ ಓದುತ್ತಾ ಹೋದಂತೆ ತಿಳಿಯಿತು.

ನಾವು ಹೆಸರು ಹಚ್ಚುತ್ತಿದ್ದ ಕ್ರಮ ಹೀಗಿತ್ತು. ಮೊದಲು ಗ್ರಾಮ್ ಸ್ಟೇನ್. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ವೈದ್ಯ ಬರ್ಲಿನ್ನಿನಲ್ಲಿದ್ದಾಗ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಲೆಂದು ಬಣ್ಣ ಹಚ್ಚಿ ನೋಡಿ, 1884ರಲ್ಲಿ ಪ್ರಕಟಿಸಿದ ವಿಧಾನ. ನೇರಳೆ ಉಳಿದರೆ ಪಾಸಿಟಿವ್, ಕೆಂಪಾದರೆ ನೆಗೆಟಿವ್. ಆಮೇಲೆ ಆಕಾರ: ಉರುಟೋ, ಕಡ್ಡಿಯೋ. ಆಮೇಲೆ ಊಟ: ಯಾವ ಸಕ್ಕರೆ ತಿನ್ನುತ್ತದೆ, ತಿಂದು ಹುಳಿ ಬಿಡುತ್ತದೆಯೇ, ಗಾಳಿ ಬಿಡುತ್ತದೆಯೇ. ಟ್ಯೂಬುಗಳ ಸಾಲು ಹಳದಿ, ಕೆಂಪು, ನೀಲಿಗೆ ತಿರುಗುವುದನ್ನು ನೋಡಿ ಗೋಡೆಗೆ ಅಂಟಿಸಿದ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದೆವು. ಪಟ್ಟಿಯ ಬೇರು ಅಮೆರಿಕದ ಡೇವಿಡ್ ಬರ್ಗಿ ಮತ್ತು ಸಂಗಡಿಗರು 1923ರಲ್ಲಿ ಹೊರತಂದ ಕೈಪಿಡಿಯಲ್ಲಿತ್ತು. ನಮ್ಮ ಕಸುಬಿನವರಿಗೆಲ್ಲ ಅದು ಪಂಚಾಂಗದ ಹಾಗೆ.

ಆ ರೈತನ ರಕ್ತದಲ್ಲಿ ಬೆಳೆದದ್ದು ಕೆಂಪು ಬಣ್ಣದ ಕಡ್ಡಿ, ಗ್ರಾಮ್ ನೆಗೆಟಿವ್. ಎರಡು ತುದಿಯಲ್ಲಿ ಬಣ್ಣ ದಟ್ಟವಾಗಿ, ನಡುವೆ ಖಾಲಿ, ಸೇಫ್ಟಿ ಪಿನ್ನಿನಂತೆ. ಆಕ್ಸಿಡೇಸ್ ಪಟ್ಟಿ ನೇರಳೆಯಾಯಿತು. ಹ್ಯಾಂಗಿಂಗ್ ಡ್ರಾಪ್‌ನಲ್ಲಿ, ಅಂದರೆ ಗಾಜಿನಿಂದ ತೂಗುವ ಹನಿಯಲ್ಲಿ, ಚುರುಕಾಗಿ ಈಜುತ್ತಿತ್ತು. ಜೆಂಟಾಮೈಸಿನ್ ಡಿಸ್ಕಿನ ಅಂಚಿನವರೆಗೂ ಬೆಳೆದು ನಿಂತಿತ್ತು, ಅಂದರೆ ಆ ಮದ್ದಿಗೆ ಜಗ್ಗಿರಲಿಲ್ಲ. ಪಟ್ಟಿಯಲ್ಲಿ ಇದೆಲ್ಲಕ್ಕೂ ಹತ್ತಿರ ಬರುವ ಹೆಸರು ಸ್ಯೂಡೊಮೊನಾಸ್. ಅದರ ಸಾಮಾನ್ಯ ಪ್ರಭೇದದ ಹಸಿರು ಬಣ್ಣ ಮಾತ್ರ ಇದರಲ್ಲಿ ಇರಲಿಲ್ಲ. ಹಾಗಾಗಿ "ಸ್ಯೂಡೊಮೊನಾಸ್ ಪ್ರಭೇದ" ಎಂದು ಬರೆದು ರಿಪೋರ್ಟ್ ಕೊಟ್ಟೆವು. ಹೀಗೆ ಬರೆದರೆ "ಯಾವುದೋ ಒಂದು, ಇನ್ನು ಹುಡುಕುವುದಿಲ್ಲ" ಎಂದು ಅರ್ಥ.

ನಡುವೆ ಭಾನುವಾರ ಬಂದದ್ದರಿಂದ ಪ್ಲೇಟುಗಳು ಇನ್ಕ್ಯುಬೇಟರಿನಲ್ಲೇ ಉಳಿದಿದ್ದವು. ಸೋಮವಾರ ತೆಗೆದಾಗ, ಮೊದಲ ದಿನ ಬೆಣ್ಣೆಯ ಚುಕ್ಕಿಯಂತೆ ನುಣ್ಣಗಿದ್ದ ಕಾಲೊನಿಗಳು ಒಣಗಿ, ಹಪ್ಪಳದಂತೆ ನಿರಿಗೆಗಟ್ಟಿದ್ದವು. ಮ್ಯಾಕಾಂಕಿ ಪ್ಲೇಟಿನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಸೆಯಲು ಮನಸ್ಸಾಗದೆ ಒಂದು ಲೂಪಿನಷ್ಟು ತೆಗೆದು ಅಗಾರ್ ಟ್ಯೂಬಿಗೆ ಚುಚ್ಚಿ, ಮೇಲೆ ಪ್ಯಾರಾಫಿನ್ ಹಾಕಿ, ತಾರೀಕು ಬರೆದು ಕಪಾಟಿನಲ್ಲಿಟ್ಟೆ. ಇದು ಎಂಥ ಹಟಮಾರಿ ಜೀವವೆಂಬುದು ಆಗ ಗೊತ್ತಿರಲಿಲ್ಲ. ಬರೀ ಭಟ್ಟಿ ಇಳಿಸಿದ ನೀರಿನಲ್ಲಿ, ಬೇರೆ ಯಾವ ಆಹಾರವೂ ಇಲ್ಲದೆ, ಇದು 16 ವರ್ಷ ಬದುಕಿದ್ದು ಥಾಯ್ಲೆಂಡಿನಲ್ಲಿ ದಾಖಲಾಗಿದೆ.

ಈ ಜೀವಿಯನ್ನು ಮೊದಲು ಗುರುತಿಸಿದ್ದು 1911ರ ಸುಮಾರಿಗೆ, ರಂಗೂನಿನ ಶವಾಗಾರದಲ್ಲಿ. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗ. ಆಲ್‌ಫ್ರೆಡ್ ವಿಟ್ಮೋರ್ ಎಂಬ ರೋಗಶಾಸ್ತ್ರಜ್ಞ ಮತ್ತು ಅವರ ಸಹಾಯಕ ಸಿ. ಎಸ್. ಕೃಷ್ಣಸ್ವಾಮಿ, ಬೀದಿಯಲ್ಲಿ ಸತ್ತು ಬಿದ್ದ ನಿರ್ಗತಿಕರ, ಮಾರ್ಫಿನ್ ಚುಚ್ಚಿಕೊಳ್ಳುತ್ತಿದ್ದವರ ದೇಹಗಳನ್ನು ಬಿಡಿಸಿ ನೋಡುತ್ತಿದ್ದಾಗ ಶ್ವಾಸಕೋಶ, ಯಕೃತ್ತು, ಗುಲ್ಮದ ತುಂಬ ಕೀವಿನ ಗಂಟುಗಳು ಕಂಡವು. ನೋಡಿದರೆ ಕುದುರೆಗಳಿಗೆ ಬರುವ ಗ್ಲಾಂಡರ್ಸ್ ರೋಗದಂತಿತ್ತು, ಆದರೆ ಸತ್ತವರು ಕುದುರೆ ಕಂಡವರಲ್ಲ. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿದರೆ ಗ್ಲಾಂಡರ್ಸಿನದಕ್ಕಿಂತ ಬೇಗ ಬೆಳೆಯುತ್ತಿತ್ತು, ಈಜುತ್ತಿತ್ತು. ಗ್ಲಾಂಡರ್ಸಿನದು ಈಜುವುದಿಲ್ಲ. 1912ರಲ್ಲಿ ಇಬ್ಬರೂ ಸೇರಿ 'ಇಂಡಿಯನ್ ಮೆಡಿಕಲ್ ಗೆಝೆಟ್'ನಲ್ಲಿ ಇದು ಹೊಸ ರೋಗ ಎಂದು ಬರೆದರು. ಗ್ಲಾಂಡರ್ಸಿನ ಬ್ಯಾಕ್ಟೀರಿಯಾದ ಹೆಸರು ಮ್ಯಾಲಿಯೈ. ಇದು ಅದರಂತೆ ಕಂಡೂ ಅದಲ್ಲವಾದ್ದರಿಂದ ಸ್ಯೂಡೊಮ್ಯಾಲಿಯೈ ಆಯಿತು. ಕೃಷ್ಣಸ್ವಾಮಿಯವರ ಹೆಸರನ್ನು ಇಲ್ಲಿ ಒತ್ತಿ ಬರೆಯುತ್ತೇನೆ. ಇಂಥ ಕೆಲಸದಲ್ಲಿ ಸಹಾಯಕನ ಹೆಸರು ಉಳಿಯುವುದು ಅಪರೂಪ.

ಪ್ರಭೇದದ ಹೆಸರೇನೋ ನಿಂತಿತು. ಮನೆತನದ ಹೆಸರು ನಿಲ್ಲಲಿಲ್ಲ. ಮೊದಲು ಕಡ್ಡಿಯಾಕಾರದ್ದೆಂದು ಬ್ಯಾಸಿಲಸ್ ಎಂದರು. ಆಮೇಲೆ ಫೈಫೆರೆಲ್ಲಾ, ಮ್ಯಾಲಿಯೊಮೈಸಿಸ್, ಲೋಫ್ಲರೆಲ್ಲಾ, ಆಕ್ಟಿನೊಬ್ಯಾಸಿಲಸ್. 1957ರಲ್ಲಿ ಸ್ಯೂಡೊಮೊನಾಸ್ ಮನೆಗೆ ಸೇರಿಸಿದರು. ಒಬ್ಬೊಬ್ಬರು ಒಂದೊಂದು ಲಕ್ಷಣ ಹಿಡಿದು ಒಂದೊಂದು ಮನೆಯ ಬಾಗಿಲು ತಟ್ಟಿದ್ದರು. ಯಾರದ್ದೂ ಅಸಡ್ಡೆಯಲ್ಲ. ಹಕ್ಕಿಗೆ ರೆಕ್ಕೆ, ಕೊಕ್ಕು ಇವೆ. ಆನೆಗೆ ಸೊಂಡಿಲಿದೆ, ಮಣ್ಣಿನಡಿ ಅದರ ಪೂರ್ವಜರ ಎಲುಬು ಸಿಗುತ್ತದೆ. ಬ್ಯಾಕ್ಟೀರಿಯಾಕ್ಕೆ ಏನಿದೆ? ಉರುಟು, ಕಡ್ಡಿ, ಸುರುಳಿ, ಇಷ್ಟೇ.

ನಮ್ಮ ಕಡೆಯ ಒಂದು ಪದ್ಧತಿ ಹೇಳಿದರೆ ಇದರ ಕಷ್ಟ ಅರ್ಥವಾದೀತು. ತುಳುನಾಡಿನ ಹಲವು ಸಮುದಾಯಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಬಳಿ ಇರುತ್ತದೆ. ತುಳುವಿನಲ್ಲಿ ಬರಿ ಎನ್ನುತ್ತಾರೆ. ಅದು ತಾಯಿಯಿಂದ ಬರುತ್ತದೆ, ತಾಯಿಗೆ ಅವಳ ತಾಯಿಯಿಂದ. ಒಂದೇ ಬಳಿಯವರು ಅಣ್ಣ ತಂಗಿಯರ ಲೆಕ್ಕ. ಅವರ ನಡುವೆ ಮದುವೆ ಇಲ್ಲ. ಊರು ಬೇರೆ, ಮುಖ ಬೇರೆ, ಕಸುಬು ಬೇರೆ ಇರಬಹುದು, ಬಳಿ ಬದಲಾಗುವುದಿಲ್ಲ. ಸಂಬಂಧದ ಮಾತು ಬಂದಾಗ ನನ್ನ ಅಜ್ಜಿ ಹುಡುಗನ ಎತ್ತರ, ಬಣ್ಣ ಕೇಳುವವರ ಮಾತು ತಡೆದು "ಅದೆಲ್ಲ ಇರಲಿ, ಬಳಿ ಯಾವುದು ಕೇಳು" ಎನ್ನುತ್ತಿದ್ದರು. ಬ್ಯಾಕ್ಟೀರಿಯಾ ಶಾಸ್ತ್ರಕ್ಕೆ ಸುಮಾರು ನೂರು ವರ್ಷ ಕೇಳಲು ಬಾರದೇ ಹೋದ ಪ್ರಶ್ನೆ ಅದು.

ಕೇಳಲು ಪ್ರಯತ್ನಪಟ್ಟವರೇ ಸೋತು ಕೈಚೆಲ್ಲಿದ್ದರು. ಕ್ಯಾಲಿಫೋರ್ನಿಯಾದ ಕಡಲತಡಿಯ ಪೆಸಿಫಿಕ್ ಗ್ರೋವ್‌ನಲ್ಲಿ ಕಲಿಸುತ್ತಿದ್ದ ಡಚ್ ಮೂಲದ ವಾನ್ ನೀಲ್ ಮತ್ತು ಅವರ ಶಿಷ್ಯ ರೋಜರ್ ಸ್ಟೇನಿಯರ್ 1941ರಲ್ಲಿ ಬ್ಯಾಕ್ಟೀರಿಯಾಗಳ ವಂಶ ಹೀಗಿರಬಹುದೆಂದು ಒಂದು ದೊಡ್ಡ ವಿನ್ಯಾಸ ಮುಂದಿಟ್ಟಿದ್ದರು. 1962ರ ಹೊತ್ತಿಗೆ ಅವರೇ ಅದನ್ನು ಬಿಟ್ಟುಕೊಟ್ಟರು. ಗುರುತಿಸಲು ಪಟ್ಟಿ ಸಾಕು, ವಂಶ ತಿಳಿಯುವ ದಾರಿ ಇಲ್ಲ ಎಂಬುದು ಆ ಕಾಲದ ಪಾಠಪುಸ್ತಕದ ಮಾತಾಯಿತು. ನಾನು ಡಿಪ್ಲೊಮಾ ಕಲಿಯುವಾಗಲೂ ಅದೇ ಮಾತು ಬೇರೆ ರೂಪದಲ್ಲಿ ಕಿವಿಗೆ ಬಿದ್ದಿತ್ತು.

ದಾರಿ ಕಂಡವರು ಬ್ಯಾಕ್ಟೀರಿಯಾ ಶಾಸ್ತ್ರದವರೇ ಅಲ್ಲ. ಕಾರ್ಲ್ ವೂಸ್, 1928ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಹುಟ್ಟಿದವರು, ಯೇಲ್‌ನಲ್ಲಿ ಜೀವಭೌತಶಾಸ್ತ್ರ ಓದಿದವರು. 1964ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿ, ಜೋಳದ ಹೊಲಗಳ ನಡುವಿನ ಅರ್ಬಾನಾ ಪಟ್ಟಣದಲ್ಲಿ ಜೀವಮಾನ ಕಳೆದರು. ಅವರಿಗೆ ಬೇಕಾಗಿದ್ದದ್ದು ಆಸ್ಪತ್ರೆಗೆ ಉಪಯೋಗವಾಗುವ ಪಟ್ಟಿಯಲ್ಲ. ಡಿಎನ್‌ಎಯ ಬರಹವನ್ನು ಪ್ರೋಟೀನಾಗಿ ಓದುವ ಯಂತ್ರ ಮೊದಲಿಗೆ ಹೇಗೆ ಹುಟ್ಟಿತು ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಅದಕ್ಕೆ ಉತ್ತರ ಬೇಕೆಂದರೆ ಎಲ್ಲ ಜೀವಿಗಳ ವಂಶವೃಕ್ಷ ಬೇಕು, ಅಂಥದ್ದು ಇರಲೇ ಇಲ್ಲ. 1969ರ ಜೂನ್‌ನಲ್ಲಿ ಅವರು ಫ್ರಾನ್ಸಿಸ್ ಕ್ರಿಕ್‌ಗೆ ಬರೆದ ಪತ್ರದಲ್ಲಿ ಯೋಜನೆಯನ್ನು ಹೇಳಿಕೊಂಡಿದ್ದಾರೆ: ಎಲುಬಿನ ಪಳೆಯುಳಿಕೆ ಇಲ್ಲದಿದ್ದರೇನು, ಜೀವಕೋಶದೊಳಗಿನ ಅಣುಗಳ ಬರಹವೇ ಪಳೆಯುಳಿಕೆ. ಅಣುಗಳಲ್ಲಿ ಚರಿತ್ರೆ ಇದೆ ಎಂಬ ಮಾತನ್ನು ಝುಕರ್‌ಕಾಂಡ್ಲ್ ಮತ್ತು ಪಾಲಿಂಗ್ 1965ರಲ್ಲೇ ಆಡಿದ್ದರು. ಯಾವ ಅಣು ಎಂಬುದನ್ನು ಸರಿಯಾಗಿ ಆರಿಸಿ, ವರ್ಷಗಟ್ಟಲೆ ಅದರ ಹಿಂದೆ ಬಿದ್ದವರು ವೂಸ್.

ಅವರು ಆರಿಸಿದ್ದು ರೈಬೋಸೋಮಿನ ಒಂದು ಆರ್‌ಎನ್‌ಎ. ಹೆಸರು 16ಎಸ್, ಉದ್ದ ಸುಮಾರು 1,540 ಅಕ್ಷರ. ರೈಬೋಸೋಮ್ ಎಂದರೆ ಜೀವಕೋಶದೊಳಗೆ ಪ್ರೋಟೀನ್ ಕಟ್ಟುವ ಕಾರ್ಖಾನೆ. ಅದಿಲ್ಲದ ಜೀವಿಯಿಲ್ಲ. ಅದರ ಬರಹದಲ್ಲಿ ಅಡ್ಡಾದಿಡ್ಡಿ ಬದಲಾವಣೆ ಆದರೆ ಜೀವಿ ಉಳಿಯುವುದಿಲ್ಲ, ಹಾಗಾಗಿ ಬದಲಾವಣೆ ನಿಧಾನ. ಆದರೆ ಎಲ್ಲ ಭಾಗವೂ ಒಂದೇ ನಿಧಾನವಲ್ಲ. ಕೆಲವು ಸಾಲುಗಳು ಕೋಟ್ಯಂತರ ವರ್ಷಗಳಿಂದ ಹಾಗೇ ಇವೆ, ಕೆಲವು ಬೇಗ ಬದಲಾಗುತ್ತವೆ. ದೂರದ ನೆಂಟರನ್ನು ಹುಡುಕಲು ಒಂದು, ಹತ್ತಿರದವರನ್ನು ಬೇರೆ ಮಾಡಲು ಇನ್ನೊಂದು.

ಹಳಗನ್ನಡ ಕಾವ್ಯಗಳ ಓಲೆಗರಿಗಳನ್ನು ಸಂಪಾದಿಸಿದವರು ಮಾಡಿದ್ದೂ ಇದೇ ಬಗೆಯ ಕೆಲಸ. ಒಂದೇ ಕಾವ್ಯದ ಐದು ಪ್ರತಿ ಸಿಕ್ಕರೆ ಪದ್ಯಪದ್ಯವನ್ನೂ ಎದುರುಬದುರಿಟ್ಟು ಪಾಠಾಂತರ ಗುರುತಿಸುತ್ತಾರೆ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ದರೆ ಎರಡೂ ಒಂದೇ ಹಳೆಯ ಪ್ರತಿಯಿಂದ ಇಳಿದವು. ಲಿಪಿಕಾರನ ಕೈತಪ್ಪೇ ವಂಶದ ಗುರುತು. ಪ್ರತಿ ಸಲ ಜೀವಕೋಶ ಒಡೆದು ಎರಡಾಗುವಾಗಲೂ ಒಂದು ನಕಲು ನಡೆಯುತ್ತದೆ, ಅಪರೂಪಕ್ಕೊಮ್ಮೆ ಒಂದಕ್ಷರ ತಪ್ಪುತ್ತದೆ, ತಪ್ಪು ಮುಂದಿನವರಿಗೆ ಹೋಗುತ್ತದೆ.

ಓದುವುದು ಹೇಗೆ? ಆಗ ಇಷ್ಟುದ್ದದ ಆರ್‌ಎನ್‌ಎಯನ್ನು ಸಾಲಾಗಿ ಓದುವ ಉಪಾಯವಿರಲಿಲ್ಲ. ಇಂಗ್ಲೆಂಡಿನ ಫ್ರೆಡ್ ಸ್ಯಾಂಗರ್ ತುಂಡು ಮಾಡಿ ಓದುವ ವಿಧಾನ ತಂದಿದ್ದರು. ವೂಸ್ ಅದನ್ನೇ ಹಿಡಿದರು. ಬ್ಯಾಕ್ಟೀರಿಯಾವನ್ನು ವಿಕಿರಣ ಸೂಸುವ ರಂಜಕ ಬೆರೆಸಿದ ದ್ರಾವಣದಲ್ಲಿ ಬೆಳೆಸಬೇಕು. ಒಡೆದು ಆರ್‌ಎನ್‌ಎ ತೆಗೆಯಬೇಕು. 'ಜಿ' ಅಕ್ಷರ ಬಂದಲ್ಲೆಲ್ಲ ಕತ್ತರಿಸುವ ಟಿ1 ಎಂಬ ಕಿಣ್ವ ಹಾಕಬೇಕು. ತುಂಡುಗಳನ್ನು ಕಾಗದದ ಮೇಲೆ ವಿದ್ಯುತ್ತಿನಿಂದ ಮೊದಲು ಒಂದು ದಿಕ್ಕಿಗೆ, ಆಮೇಲೆ ಅಡ್ಡಕ್ಕೆ ಹರಡಬೇಕು. ಎಕ್ಸ್-ರೇ ಫಿಲ್ಮ್ ಒತ್ತಿಟ್ಟರೆ ಪ್ರತಿ ತುಂಡೂ ಒಂದು ಕಪ್ಪು ಚುಕ್ಕಿಯಾಗಿ ಮೂಡುತ್ತದೆ. ಪುಸ್ತಕದ ವಾಕ್ಯಗಳನ್ನೆಲ್ಲ ಕತ್ತರಿಸಿ ಪದಗಳನ್ನಷ್ಟೇ ಪಟ್ಟಿ ಮಾಡಿದಂತೆ. ಆರು ಅಕ್ಷರ ಅಥವಾ ಹೆಚ್ಚು ಉದ್ದದ ಪದಗಳನ್ನು ಆರಿಸಿ, ಎರಡು ಜೀವಿಗಳ ಪಟ್ಟಿಯಲ್ಲಿ ಎಷ್ಟು ಪದ ಒಂದೇ ಎಂದು ಎಣಿಸುವುದು.

ಆ ಫಿಲ್ಮುಗಳನ್ನು ಬೆಳಕಿನ ಮೇಜಿನ ಮೇಲೆ ಹರಡಿ ವೂಸ್ ತಾವೇ ಓದುತ್ತಿದ್ದರು. ದಿನ, ವಾರ, ವರ್ಷ. ಮೂವತ್ತು ವರ್ಷ ಮೈಕ್ರೋಸ್ಕೋಪಿಗೆ ಕಣ್ಣು ಒತ್ತಿದವಳಿಗೆ ಅದು ಎಂಥ ಕೆಲಸವೆಂದು ಗೊತ್ತು. ಸಂಜೆಗೆ ಕಣ್ಣು ಮುಚ್ಚಿದರೂ ಚುಕ್ಕಿಗಳೇ. ಜೊತೆಗೆ ಮಿಚ್ ಸೋಗಿನ್, ಲಿಂಡಾ ಮ್ಯಾಗ್ರಮ್, ಕೆನ್ ಲ್ಯೂರ್ಸನ್, ಜಾರ್ಜ್ ಫಾಕ್ಸ್ ಅವರಂಥ ಕೆಲವೇ ಸಂಗಡಿಗರು. ವಿಜ್ಞಾನದ ದೊಡ್ಡ ಹೆಸರುಗಳು ಆ ಕಡೆ ತಲೆ ಹಾಕಿರಲಿಲ್ಲ.

ಅದೇ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ವೂಲ್ಫ್ ಎಂಬವರು ಮೀಥೇನ್ ಅನಿಲ ಬಿಡುವ ಜೀವಿಗಳನ್ನು ಬೆಳೆಸುತ್ತಿದ್ದರು. ಗೋಬರ್ ಗ್ಯಾಸ್ ಗುಂಡಿಯಲ್ಲಿ, ದನದ ಹೊಟ್ಟೆಯಲ್ಲಿ ಇರುವಂಥವು. ಆಮ್ಲಜನಕ ತಾಗಿದರೆ ಸಾಯುತ್ತವೆ. 1976ರಲ್ಲಿ ಅವುಗಳಲ್ಲೊಂದರ ಫಿಲ್ಮ್ ವೂಸ್ ಮುಂದೆ ಬಂತು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದ್ದೇ ಇರುವ ಚುಕ್ಕಿಗಳು ಅದರಲ್ಲಿ ಇರಲಿಲ್ಲ. ತಪ್ಪಾಗಿರಬೇಕೆಂದು ಮತ್ತೊಮ್ಮೆ ಮಾಡಿದರು. ಇರಲಿಲ್ಲ. ಇವು ಬ್ಯಾಕ್ಟೀರಿಯಾಗಳೇ ಅಲ್ಲ ಎಂದು ವೂಸ್ ಬಂದು ಹೇಳಿದ್ದನ್ನು ವೂಲ್ಫ್ ಮುಂದೆ ನೆನಪಿಸಿಕೊಂಡಿದ್ದಾರೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಶುದ್ಧ ಬ್ಯಾಕ್ಟೀರಿಯಾ, ಬಳಿ ಕೇಳಿದರೆ ಬ್ಯಾಕ್ಟೀರಿಯಾಕ್ಕೂ ನಮಗೂ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದೂರದ ಮೂರನೇ ವಂಶ. ಈಗ ಅವಕ್ಕೆ ಆರ್ಕಿಯಾ ಎನ್ನುತ್ತೇವೆ.

1977ರ ನವೆಂಬರ್ 3ರಂದು ಈ ಸುದ್ದಿ 'ನ್ಯೂಯಾರ್ಕ್ ಟೈಮ್ಸ್'ನ ಮುಖಪುಟಕ್ಕೆ ಬಂತು. ವಿದ್ವಾಂಸರು ಸಿಟ್ಟಾದರು. ಈ ಹುಚ್ಚಾಟದಿಂದ ದೂರ ಸರಿ, ಇಲ್ಲದಿದ್ದರೆ ನಿನ್ನ ವೃತ್ತಿ ಹಾಳಾಗುತ್ತದೆ ಎಂದು ನೊಬೆಲ್ ಪುರಸ್ಕೃತ ಸಾಲ್ವಡಾರ್ ಲೂರಿಯಾ ವೂಲ್ಫ್‌ಗೆ ಫೋನ್ ಮಾಡಿ ಎಚ್ಚರಿಸಿದ್ದರು. ಜರ್ಮನಿಯ ಒಟ್ಟೊ ಕಾಂಡ್ಲರ್ ಮಾತ್ರ ಬೇಗ ನಂಬಿದರು. ಮೀಥೇನ್ ಜೀವಿಗಳ ಕೋಶದ ಗೋಡೆ ಬ್ಯಾಕ್ಟೀರಿಯಾಗಳ ಗೋಡೆಯಂತಿಲ್ಲ ಎಂದು ಅವರಿಗೆ ತಮ್ಮ ಕೆಲಸದಿಂದಲೇ ಗೊತ್ತಿತ್ತು. ಉಳಿದವರು ಒಪ್ಪಲು ಹತ್ತು ಹದಿನೈದು ವರ್ಷ ಹಿಡಿಯಿತು. 2003ರಲ್ಲಿ ವೂಸ್‌ಗೆ ಕ್ರಾಫೋರ್ಡ್ ಪ್ರಶಸ್ತಿ ಬಂತು. ನೊಬೆಲ್ ಬರಲಿಲ್ಲ. 2012ರ ಡಿಸೆಂಬರ್ 30ರಂದು ತೀರಿಕೊಂಡರು. ನೊಬೆಲ್ ಸಿಗದೆ ಹೋದದ್ದು ದೊಡ್ಡ ಅನ್ಯಾಯವೆಂದೇ ನನ್ನ ಭಾವನೆ.

ಪತ್ರಿಕೆಗಳಿಗೆ ಮೂರನೇ ವಂಶ ಸುದ್ದಿಯಾಯಿತು. ನಮ್ಮಂಥ ಲ್ಯಾಬಿನವರಿಗೆ ದೊಡ್ಡದಾದದ್ದು ಬೇರೆ: ಯಾವುದೇ ಬ್ಯಾಕ್ಟೀರಿಯಾದ ಬಳಿಯನ್ನು ಇನ್ನು ಕೇಳಬಹುದು. ಮನೆಮನೆ ಶೋಧನೆ ಶುರುವಾಯಿತು. ಹೆಚ್ಚು ಜನ ತುಂಬಿದ್ದ ಮನೆ ಸ್ಯೂಡೊಮೊನಾಸ್‌ನದು. 1894ರಲ್ಲಿ ಕಟ್ಟಿದ ಆ ಕುಲಕ್ಕೆ, ಗ್ರಾಮ್ ನೆಗೆಟಿವ್, ಕಡ್ಡಿ, ತುದಿಯಲ್ಲಿ ಬಾಲ ಎಂದರೆ ಸಾಕು, ಎಲ್ಲವನ್ನೂ ಸೇರಿಸುತ್ತ ಬಂದಿದ್ದರು. ಅರ್ಜೆಂಟೀನಾದಿಂದ ಬರ್ಕ್ಲಿಗೆ ಬಂದಿದ್ದ ನಾರ್ಬರ್ಟೊ ಪಲ್ಲೆರೊನಿ ಮತ್ತು ಸಂಗಡಿಗರು, ವೂಸ್ ಇನ್ನೂ ಫಿಲ್ಮ್ ಓದುತ್ತಿದ್ದ 1973ರಲ್ಲೇ, ಒಂದು ಜೀವಿಯ ರೈಬೋಸೋಮಿನ ಆರ್‌ಎನ್‌ಎ ಇನ್ನೊಂದರ ಡಿಎನ್‌ಎಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದು ಅಳೆದು, ಈ ಮನೆಯಲ್ಲಿರುವುದು ಐದು ಬೇರೆಬೇರೆ ಕುಟುಂಬ ಎಂದು ತೋರಿಸಿದ್ದರು. ರಂಗೂನಿನ ಸ್ಯೂಡೊಮ್ಯಾಲಿಯೈ ಇದ್ದದ್ದು ಎರಡನೇ ಗುಂಪಿನಲ್ಲಿ. ಅದರ ಜೊತೆ ಇದ್ದ ಇನ್ನೊಂದು, ಈರುಳ್ಳಿ ಕೊಳೆಸುವ ಸೆಪೇಶಿಯಾ. ಅದನ್ನು 1950ರಲ್ಲಿ ವರ್ಣಿಸಿದವರು ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯರೋಗತಜ್ಞ ವಾಲ್ಟರ್ ಬರ್ಕ್‌ಹೋಲ್ಡರ್. 1992ರಲ್ಲಿ ಜಪಾನಿನ ಎಯ್ಕೊ ಯಾಬುಉಚಿ ಎಂಬ ವಿಜ್ಞಾನಿ ಮತ್ತು ಜೊತೆಗಾರರು 16ಎಸ್ ಬರಹ ಓದಿ, ಬೇರೆ ಪುರಾವೆಗಳನ್ನೂ ಸೇರಿಸಿ, ಆ ಗುಂಪಿನ ಏಳು ಪ್ರಭೇದಗಳಿಗೆ ಹೊಸ ಮನೆ ಕಟ್ಟಿಸಿ ಬರ್ಕ್‌ಹೋಲ್ಡೇರಿಯಾ ಎಂದು ಹೆಸರಿಟ್ಟರು.

1992 ಎಂದರೆ ನಮ್ಮ ರೈತ ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು. ನಮ್ಮ ಗೋಡೆಯ ಪಟ್ಟಿಗೆ ಆ ಹೆಸರು ಬಂದಿರಲಿಲ್ಲ. ಅಷ್ಟೇ ಆಗಿದ್ದರೆ ಬರೀ ಹೆಸರಿನ ವಿಷಯ. ಥಾಯ್ಲೆಂಡಿನ ಉಬೊನ್‌ನಲ್ಲಿ ನಡೆದ ಪ್ರಯೋಗವೊಂದು 1989ರಲ್ಲೇ ಪ್ರಕಟವಾಗಿತ್ತು. ತೀವ್ರ ಮೆಲಿಯಾಯ್ಡೋಸಿಸ್, ಅಂದರೆ ಈ ಬ್ಯಾಕ್ಟೀರಿಯಾ ತರುವ ರೋಗ, ಬಂದವರಲ್ಲಿ ಹಳೆಯ ಔಷಧಿಗಳಿಗೆ ನೂರರಲ್ಲಿ 74 ಮಂದಿ ಸಾಯುತ್ತಿದ್ದರೆ, ಸೆಫ್ಟಾಜಿಡೈಮ್ ಕೊಟ್ಟಾಗ ಸಾವು 37ಕ್ಕೆ ಇಳಿದಿತ್ತು. ಆ ಔಷಧಿಯನ್ನು ದಿನಗಟ್ಟಲೆ ರಕ್ತನಾಳಕ್ಕೆ ಕೊಟ್ಟು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸಬೇಕು. ಇಲ್ಲದಿದ್ದರೆ ರೋಗ ಮರಳುತ್ತದೆ. ಹೆಸರು ಗೊತ್ತಿದ್ದರಲ್ಲವೇ ಇದೆಲ್ಲ ಮಾಡುವುದು. ಅವರು ಬದುಕುತ್ತಿದ್ದರೆಂದು ನಾನು ಹೇಳಲಾರೆ. ಬದುಕಲು ಒಂದು ಅವಕಾಶವಿತ್ತು, ಅದು ನಮ್ಮ ರಿಪೋರ್ಟಿನಿಂದಾಗಿ ಅವರಿಗೆ ಸಿಗಲಿಲ್ಲ ಎಂದು ಹೇಳಬಲ್ಲೆ.

ಅಷ್ಟರಲ್ಲಿ ಓದುವ ವಿಧಾನವೂ ಬದಲಾಗಿತ್ತು. ಸ್ಯಾಂಗರ್ 1977ರಲ್ಲಿ ಡಿಎನ್‌ಎಯನ್ನು ಸಾಲಾಗಿ ಓದುವ ವಿಧಾನ ತಂದರು. ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ 1960ರ ದಶಕದಲ್ಲಿ ಥಾಮಸ್ ಬ್ರಾಕ್ ಕಂಡ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವ ಬಳಸಿ, ಒಂದು ಜೀನನ್ನು ಕೆಲವೇ ಗಂಟೆಗಳಲ್ಲಿ ಕೋಟಿ ನಕಲು ಮಾಡುವ ಪಿಸಿಆರ್ ಬಂತು. 16ಎಸ್ ಜೀನಿನ ಎರಡು ತುದಿಯಲ್ಲಿ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವ ಸಾಲುಗಳಿವೆ. ಅಲ್ಲಿ ಹಿಡಿದರೆ ಯಾವ ಬ್ಯಾಕ್ಟೀರಿಯಾದ್ದಾದರೂ ನಡುವಿನ ಬರಹ ಕೈಗೆ ಬರುತ್ತದೆ. ಬೆಳೆಸಲೇ ಆಗದ ಜೀವಿಗಳದ್ದೂ ಓದಬಹುದಾಯಿತು. ವಿಪ್ಪಲ್ ಎಂಬ ವೈದ್ಯ 1907ರಲ್ಲಿ ವರ್ಣಿಸಿದ ಕರುಳಿನ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಯಾರ ಪ್ಲೇಟಿನಲ್ಲೂ ಬೆಳೆದಿರಲಿಲ್ಲ. 1992ರಲ್ಲಿ ಡೇವಿಡ್ ರೆಲ್ಮನ್ ಮತ್ತು ಸಂಗಡಿಗರು ರೋಗಿಯ ಅಂಗಾಂಶದಿಂದಲೇ ಅದರ 16ಎಸ್ ಓದಿ ಹೆಸರಿಟ್ಟರು. ಅದನ್ನು ಬೆಳೆಸಲು ಸಾಧ್ಯವಾದದ್ದು 2000ದಲ್ಲಿ.

2008ರಲ್ಲಿ ನಮ್ಮ ಹೊಸ ಮೈಕ್ರೋಬಯಾಲಜಿ ಡಾಕ್ಟರು ಬಂದರು. ಚಿಕ್ಕ ಪ್ರಾಯದವರು, ಮೆಲಿಯಾಯ್ಡೋಸಿಸ್ ಬಗ್ಗೆ ಓದಿ ಬಂದವರು. ಕಪಾಟು ಖಾಲಿ ಮಾಡುವಾಗ "ಇದೆಂತ ಸಿಸ್ಟರ್, 94ರ ಟ್ಯೂಬು?" ಎಂದರು. ಹೇಳಿದೆ. ನಿರಿಗೆಗಟ್ಟಿದ ಕಾಲೊನಿ ಎಂದಾಗ ಅವರ ಮುಖ ಬದಲಾಯಿತು. ಮೊದಲು ಕೈಗವಸು ಹಾಕಿಸಿದರು. ಹಿಂದೆ ನಾವು ಪ್ಲೇಟು ಮೂಸಿ ನೋಡುತ್ತಿದ್ದೆವೆಂದು ಕೇಳಿ ಗದರಿದರು. ಮರಳಿ ಬೆಳೆಸಿದರೆ ಬೆಳೆಯಿತು. ಸೀಕ್ವೆನ್ಸರ್ ಇದ್ದ ದೊಡ್ಡ ಲ್ಯಾಬಿಗೆ ಡಿಎನ್‌ಎ ತೆಗೆದು ಕಳಿಸಿದರು.

ಮೂರು ವಾರಕ್ಕೆ ಉತ್ತರ ಬಂತು. ಕಾಗದದ ಮೇಲೆ ಹಸಿರು, ಕೆಂಪು, ನೀಲಿ, ಕಪ್ಪು ಬಣ್ಣದ ಅಲೆಗಳು, ಒಂದೊಂದು ಅಲೆಯ ತಲೆಯ ಮೇಲೆ ಒಂದೊಂದು ಅಕ್ಷರ. ವೂಸ್ ಒಂದು ಜೀವಿಗೆ ತಿಂಗಳುಗಟ್ಟಲೆ ಕಣ್ಣು ಸವೆಸಿದ್ದ ಬರಹ ಕೆಲವು ಹಾಳೆಗಳಲ್ಲಿ ನನ್ನ ಕೈಯಲ್ಲಿತ್ತು. ಕೊನೆಯ ಸಾಲಿನಲ್ಲಿ ಎರಡು ಹೆಸರು: ಬರ್ಕ್‌ಹೋಲ್ಡೇರಿಯಾ ಸ್ಯೂಡೊಮ್ಯಾಲಿಯೈ ಅಥವಾ ಬರ್ಕ್‌ಹೋಲ್ಡೇರಿಯಾ ಮ್ಯಾಲಿಯೈ.

ಯಾಕೆ ಎರಡು? ಗ್ಲಾಂಡರ್ಸಿನ ಮ್ಯಾಲಿಯೈ ಮತ್ತು ಇದರ 16ಎಸ್ ಬರಹ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಒಂದಕ್ಷರದ್ದು. ಇಡೀ ಜೀನೋಮ್ ಓದಿದವರು ಮ್ಯಾಲಿಯೈ ಎಂಬುದು ಸ್ಯೂಡೊಮ್ಯಾಲಿಯೈನಿಂದಲೇ ಕವಲೊಡೆದು, ಪ್ರಾಣಿಗಳ ಮೈಯೊಳಗೆ ಸೇರಿ, ಮಣ್ಣಿನಲ್ಲಿ ಬದುಕಲು ಬೇಕಾದ ಜೀನುಗಳನ್ನು ಕಳೆದುಕೊಂಡದ್ದು ಎನ್ನುತ್ತಾರೆ. ಅದರಂತೆ ಕಾಣುವುದು ಎಂದು ಹೆಸರು ಪಡೆದದ್ದೇ ಅದರ ತಾಯಿಯಾಯಿತು. ಕಟ್ಟುನಿಟ್ಟಾಗಿ ಹೇಳಿದರೆ ಎರಡೂ ಒಂದೇ ಪ್ರಭೇದ, ಆದರೆ ರೋಗ ಬೇರೆಯಾದ್ದರಿಂದ ಹೆಸರು ಎರಡನ್ನೂ ಉಳಿಸಿಕೊಂಡಿದ್ದಾರೆ. ಇ. ಕೋಲಿ ಮತ್ತು ಆಮಶಂಕೆಯ ಶಿಗೆಲ್ಲಾದ ಕಥೆಯೂ ಹೀಗೆಯೇ. 16ಎಸ್ ಬರಹದಲ್ಲಿ 97 ಪರ್ಸೆಂಟ್ ಹೋಲಿಕೆ ಇದ್ದರೆ ಒಂದೇ ಪ್ರಭೇದ ಎಂಬ 1990ರ ದಶಕದ ಲೆಕ್ಕ 2006ರ ಹೊತ್ತಿಗೆ 98.7ಕ್ಕೆ ಏರಿತು. ಈಗ ಇಡೀ ಜೀನೋಮ್ ಪಕ್ಕಪಕ್ಕ ಇಟ್ಟು ಸರಾಸರಿ 95 ಪರ್ಸೆಂಟ್ ಗೆರೆ ಎಳೆಯುತ್ತಾರೆ. ಬ್ಯಾಕ್ಟೀರಿಯಾಗಳು ಔಷಧಿ ತಡೆಯುವ ಜೀನುಗಳನ್ನು ಅಕ್ಕಪಕ್ಕದವರಿಗೆ ದಾಟಿಸುವುದೂ ಉಂಟು. ಆಸ್ತಿ ಕೈ ಬದಲಾಗುತ್ತದೆ, ಬಳಿ ಉಳಿಯುತ್ತದೆ.

ನಮ್ಮ ಟ್ಯೂಬಿನದು ಎರಡರಲ್ಲಿ ಯಾವುದು? ಡಾಕ್ಟರು ನನ್ನ ಹಳೆಯ ನೋಟ್‌ಬುಕ್ ಕೇಳಿದರು. 94ರ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು: ಹ್ಯಾಂಗಿಂಗ್ ಡ್ರಾಪ್, ಚುರುಕಾಗಿ ಈಜುತ್ತದೆ. ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ನೋಡಿ ಬೇರೆ ಮಾಡಿದ ಲಕ್ಷಣವೇ ಅದು. ಸ್ಯೂಡೊಮ್ಯಾಲಿಯೈ. ಇನ್ನೊಂದು ನಿರ್ದಿಷ್ಟ ಜೀನಿನ ಪಿಸಿಆರ್ ಮಾಡಿಸಿದಾಗಲೂ ಅದೇ ಬಂತು.

ನಮ್ಮ ಕರಾವಳಿಯಲ್ಲಿ ಈ ರೋಗ ಉಂಟು ಎಂಬುದಕ್ಕೆ ಈಗ ಸಾಕಷ್ಟು ದಾಖಲೆಗಳಿವೆ. ಮಣಿಪಾಲದ ವೈದ್ಯರು ವರ್ಷಗಳಿಂದ ಬರೆಯುತ್ತಿದ್ದಾರೆ. ಇದು ಗದ್ದೆಯ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುವ ಜೀವಿ. ಮಳೆಗಾಲದಲ್ಲಿ ಕಾಲಿನ ಗಾಯದಿಂದ, ಕೆಲವೊಮ್ಮೆ ಉಸಿರಿನಿಂದ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಹಿಡಿಯುತ್ತದೆ. ಎಲ್ಲ ಲ್ಯಾಬಿನಲ್ಲೂ ಸೀಕ್ವೆನ್ಸರ್ ಇರುವುದಿಲ್ಲ. ಇರಬೇಕೆಂದೂ ಇಲ್ಲ. ಯಂತ್ರಗಳನ್ನೇ ಪೂರ್ತಿ ನಂಬುವ ಹಾಗೂ ಇಲ್ಲ. ಪಟ್ಟಿಯಲ್ಲಿ ಈ ಹೆಸರಿಲ್ಲದ ಯಂತ್ರ ಹತ್ತಿರದ ಇನ್ಯಾವುದನ್ನೋ ಹೇಳಿ ಮುಗಿಸುತ್ತದೆ, 1994ರಲ್ಲಿ ನಾನು ಮಾಡಿದ ಹಾಗೆ.

ಹಾಗಾಗಿ ತಾಲೂಕು ಆಸ್ಪತ್ರೆಗಳ ಲ್ಯಾಬಿನಲ್ಲಿ ಕೂತಿರುವ ತಂಗಿ ತಮ್ಮಂದಿರಿಗೆ ಒಂದು ಮಾತು. ಜೂನ್‌ನಿಂದ ಅಕ್ಟೋಬರ್‌ವರೆಗೆ ರಕ್ತದಲ್ಲೋ ಕೀವಿನಲ್ಲೋ ಆಕ್ಸಿಡೇಸ್ ಪಾಸಿಟಿವ್ ಆದ ಗ್ರಾಮ್ ನೆಗೆಟಿವ್ ಕಡ್ಡಿ ಬೆಳೆದು, ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಜಗ್ಗದೆ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಜಗ್ಗಿದರೆ, "ಸ್ಯೂಡೊಮೊನಾಸ್ ಪ್ರಭೇದ" ಎಂದು ಬರೆದು ಪ್ಲೇಟು ಎಸೆಯಬೇಡಿ. ಮೂಸಬೇಡಿ. ಅದೇ ದಿನ ಸಂಜೆಯೊಳಗೆ ಡಾಕ್ಟರಿಗೆ ಫೋನ್ ಮಾಡಿ, ಮಾದರಿಯನ್ನು ದೊಡ್ಡ ಲ್ಯಾಬಿಗೆ ಕಳಿಸಿ, ಪ್ಲೇಟನ್ನು ಸುರಕ್ಷಿತವಾಗಿ ಮುಚ್ಚಿ ನಾಲ್ಕು ದಿನ ಇಡಿ, ನಿರಿಗೆ ಬರುತ್ತದೆಯೇ ನೋಡಿ. ಕಿಟಕಿಯ ಹೊರಗೆ ಯಾರೋ ಉತ್ತರಕ್ಕೆ ಕಾದು ನಿಂತಿರುತ್ತಾರೆ.